ಡೇಲಿ ಸಿಟಿಯ ನೆರೆಹೊರೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋಗೆ ಅಂಟಿಕೊಂಡ ಡೇಲಿ ಸಿಟಿಯಲ್ಲಿ ಮನೆ ಹಿಡಿದಿದ್ದೀಯ, ಅಕ್ಕಪಕ್ಕ ಎಲ್ಲ ಫಿಲಿಪಿನೋ ಜನ. ಬಾವುಟ, ಊಟ, ಮಾತು ಯಾವುದಕ್ಕೂ ಅವರಿಗೆ ಸಂಕೋಚ ಇಲ್ಲ, ನೀನು ಮಾತ್ರ ಆಫೀಸಿನಲ್ಲಿ ಊಟದ ಡಬ್ಬಿ ತೆಗೆಯೋಕೂ ಹಿಂಜರಿಯುತ್ತೀಯ. ಅವರಿಗೆ ಆ ಧೈರ್ಯ ಎಲ್ಲಿಂದ ಬಂತು ಅಂತ ಕೇಳಿದ್ದೀಯ.

ಸುಮ್ನೆ ಬಂದದ್ದಲ್ಲ ಅದು. 1930ರ ಸುಮಾರಿಗೆ ಇದೇ ರಾಜ್ಯದ ಸ್ಟಾಕ್ಟನ್ ಊರಲ್ಲಿ ‘ಫಿಲಿಪಿನೋಗಳಿಗೆ ಪ್ರವೇಶವಿಲ್ಲ’ ಅಂತ ಲಾಡ್ಜ್ ಬಾಗಿಲಿಗೆ ಬೋರ್ಡ್ ಹಾಕುತ್ತಿದ್ದರು. ಹೊಲದ ಕೂಲಿಗೆ ಬಂದವರಲ್ಲಿ ಗಂಡಸರೇ ಜಾಸ್ತಿ. ಬಿಳಿಯ ಹೆಣ್ಣನ್ನು ಮದುವೆಯಾಗೋಕೆ 1948ರವರೆಗೆ ಕ್ಯಾಲಿಫೋರ್ನಿಯಾದ ಕಾನೂನು ಬಿಡಲಿಲ್ಲ. ಎಷ್ಟೋ ಜನ ಒಂಟಿಯಾಗಿಯೇ ಮುದುಕರಾದರು. ಅವರನ್ನು ಇವತ್ತಿಗೂ ಗೌರವದಿಂದ ‘ಮನೋಂಗ್’ ಅಂತಾರೆ, ನಾವು ಅಣ್ಣ ಅನ್ನುವ ಹಾಗೆ.

1965ರ ಸೆಪ್ಟೆಂಬರ್ 8ರಂದು ಇದೇ ರಾಜ್ಯದ ಡೆಲಾನೋ ಊರಿನ ದ್ರಾಕ್ಷಿ ತೋಟಗಳಲ್ಲಿ ಮುಷ್ಕರ ಹೂಡಿ ಕೆಲಸ ನಿಲ್ಲಿಸಿದ್ದು ಈ ಮನೋಂಗ್‌ಗಳೇ. ಲ್ಯಾರಿ ಇಟ್ಲಿಯಾಂಗ್ ಅವರ ಮುಂದಾಳು. ಮೆಕ್ಸಿಕನ್ ಮೂಲದ ಕೂಲಿಕಾರರ ನಾಯಕ ಸೀಸರ್ ಚಾವೇಜ್ ಅವರ ಸಂಘ ಜೊತೆ ಸೇರಿದ್ದು ಒಂದು ವಾರ ಕಳೆದ ಮೇಲೆ. ಆದರೂ ಜನರ ಬಾಯಲ್ಲಿ ಉಳಿದದ್ದು ಚಾವೇಜ್ ಹೆಸರೇ. ಇಟ್ಲಿಯಾಂಗ್ ಹುಟ್ಟಿದ ಅಕ್ಟೋಬರ್ 25ನ್ನು ಅವರ ಹೆಸರಿನ ದಿನ ಅಂತ ರಾಜ್ಯ ಗುರುತಿಸಿದ್ದು 2015ರಲ್ಲಿ. ಐವತ್ತು ವರ್ಷ ಬೇಕಾಯಿತು ನೋಡು!

ಒಂದು ಭಾನುವಾರ ಸ್ಯಾನ್ ಫ್ರಾನ್ಸಿಸ್ಕೋದ ಕರ್ನಿ ಬೀದಿಗೆ ಹೋಗಿ ಬಾ. ಅಲ್ಲಿ ಇಂಟರ್‌ನ್ಯಾಷನಲ್ ಹೋಟೆಲ್ ಅಂತ ಅಗ್ಗದ ಬಾಡಿಗೆ ಕೋಣೆಗಳ ಕಟ್ಟಡ ಇತ್ತು. ಇಂಥ ಒಂಟಿ ಮುದುಕರು ಅಲ್ಲಿದ್ದರು. 1977ರ ಆಗಸ್ಟ್ 4ರ ರಾತ್ರಿ ಪೊಲೀಸರು ಅವರನ್ನು ಹೊರಹಾಕಿದರು. ಸಾವಿರಾರು ಜನ ಕೈಗೆ ಕೈ ಹೆಣೆದು ಅಡ್ಡ ನಿಂತರೂ ಆಗಲಿಲ್ಲ. ಜನ ಅದನ್ನು ಮರೆಯಲಿಲ್ಲ, ಬಿಡಲೂ ಇಲ್ಲ. 2005ರಲ್ಲಿ ಅದೇ ಜಾಗದಲ್ಲಿ ವಯಸ್ಸಾದವರಿಗೆ ಕಡಿಮೆ ಬಾಡಿಗೆಯ ಮನೆಗಳು ಎದ್ದವು. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಲಾಪು ಲಾಪು, ರಿಸಾಲ್, ಬೊನಿಫಾಸಿಯೋ ಅಂತ ಬೀದಿ ಹೆಸರುಗಳು ಸಿಗುತ್ತವೆ. ಮೂವರೂ ಅವರ ನಾಡಿನ ವೀರರು.

ಹಾಗಂತ ಎಲ್ಲ ಚೆನ್ನಾಗಿದೆ ಅಂತ ತಿಳಿಯಬೇಡ. ಇಂಗ್ಲಿಷ್ ಉಚ್ಚಾರ ಕೆಡುತ್ತದೆ ಅಂತ ಮಕ್ಕಳ ಹತ್ತಿರ ತಮ್ಮ ತಗಾಲೋಗ್ ಭಾಷೆ ಮಾತಾಡದ ಅಪ್ಪ ಅಮ್ಮಂದಿರು ಬೇಕಾದಷ್ಟು. (ನಮ್ಮಲ್ಲೇನು ಕಮ್ಮಿಯಾ?) ಬೆಳ್ಳಗಾಗುವ ಸೋಪು ಅವರ ಅಂಗಡಿಗಳಲ್ಲೂ ಸಾಲಾಗಿ ಇಟ್ಟಿರುತ್ತಾರೆ. ಆದರೆ ಅದೇ ಮಕ್ಕಳು ಕಾಲೇಜಿಗೆ ಹೋದಮೇಲೆ ಬಿದಿರು ಗಳಗಳ ನಡುವೆ ಕುಣಿಯುವ ಟಿನಿಕ್ಲಿಂಗ್ ಕಲಿತು ವೇದಿಕೆ ಹತ್ತುತ್ತಾರೆ. ನಮ್ಮ ಎದುರು ಮನೆಯಲ್ಲಿ ತೋಳು ತುಂಬ ಹಚ್ಚೆ ಹಾಕಿಸಿಕೊಂಡ ಹುಡುಗ ಒಬ್ಬನಿದ್ದಾನೆ. ಬೈಕ್ ನಿಲ್ಲಿಸಿದವನೇ ಗ್ಯಾರೇಜಿನಲ್ಲಿ ಕೂತ ಅಜ್ಜಿಯ ಕೈಯನ್ನು ಹಣೆಗೆ ಒತ್ತಿಕೊಂಡೇ ಒಳಗೆ ಹೋಗುತ್ತಾನೆ. ಬೀದಿಯಲ್ಲಿ ಯಾರು ನೋಡಿದರೂ ಅವನಿಗೆ ಲೆಕ್ಕವಿಲ್ಲ.

ನನ್ನ ಕೇಳಿದರೆ, ನಾಳೆಯೇ ಡಬ್ಬಿ ತೆಗೆದು ಊಟ ಮಾಡು, ಪಕ್ಕದವರಿಗೂ ಕೊಡು. ನೆರೆಯವರು ಖಂಡಿತ ಊಟಕ್ಕೆ ಕರೆಯುತ್ತಾರೆ. ಬರಿಗೈಯಲ್ಲಿ ಹೋಗಬೇಡ. ಉದ್ದ ಮೇಜಿನ ಮೇಲೆ ಬಾಳೆ ಎಲೆ ಹಾಸಿ, ನಡುವೆ ಅನ್ನ ಸುರಿದು, ಸುತ್ತ ನಿಂತು ಕೈಯಲ್ಲೇ ತಿನ್ನುವ ಊಟವೂ ಇರಬಹುದು. ಅಲ್ಲಿ ನಿನಗೆ ಯಾರೂ ಏನೂ ಕಲಿಸಬೇಕಿಲ್ಲ. ಸಸ್ಯಾಹಾರಿಯಾದರೆ ಮೊದಲೇ ಹೇಳಿಬಿಡು. ಪಿನಕ್‌ಬೆಟ್ ನೋಡೋಕೆ ಬದನೆ, ಹಾಗಲ, ಬೆಂಡೆಯ ಪಲ್ಯ, ಆದರೆ ಅದಕ್ಕೆ ಸಿಗಡಿ ಪೇಸ್ಟ್ ಹಾಕಿರುತ್ತಾರೆ. ಬಿಕೋ ಅನ್ನುವ ಸಿಹಿ ಮಾತ್ರ ಬಿಡಬೇಡ. ಅಂಟಕ್ಕಿ, ತೆಂಗಿನ ಹಾಲು, ಕಂದು ಸಕ್ಕರೆ, ಅಷ್ಟೇ.