ವೀಣೆ ರೆಕಾರ್ಡಿಂಗ್: ಇಡೀ ಕಚೇರಿ ಬೇಡ

ಮಗಳು ವೀಣೆ ನುಡಿಸಿದ 40 ನಿಮಿಷದ ಕಚೇರಿ ವಿಡಿಯೋವನ್ನು ಅಮೆರಿಕದ ಕಾಲೇಜುಗಳ ಅರ್ಜಿ ಜೊತೆ ಹಾಗೇ ಕಳಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಮೊದಲೇ ಕಲಿತು ನುಡಿಸುವ ವರ್ಣದಿಂದ ಶುರುವಾದರೆ, ಅವಳ ಮನೋಧರ್ಮ, ಅಂದರೆ ಅಲ್ಲೇ ಕಟ್ಟಿ ನುಡಿಸುವ ಭಾಗ, ಕೇಳುವವರ ಕಿವಿಗೆ ಬೀಳುವ ಮೊದಲೇ ಅವರು ಮುಂದಿನ ಅರ್ಜಿಗೆ ಹೋಗಿರಬಹುದು. ಎರಡು ತುಣುಕು ಸಾಕು: ಮೂರು ನಿಮಿಷ ಆಲಾಪನೆ (ತಾಳವಿಲ್ಲದೆ ರಾಗವನ್ನು ಬಿಡಿಸುವುದು), ನಾಲ್ಕು ನಿಮಿಷ ಕೃತಿಯ ಪಲ್ಲವಿ ಮತ್ತು ಕಲ್ಪನಾಸ್ವರ. ನಡುವೆ ಕತ್ತರಿಸಿ ಅಂಟಿಸಬೇಡಿ. ವಿವರಣೆಯಲ್ಲಿ ರಾಗ, ತಾಳ, ವಾಗ್ಗೇಯಕಾರರ ಹೆಸರಿನ ಜೊತೆಗೆ, ಕಲ್ಪನಾಸ್ವರಗಳನ್ನು ಅಲ್ಲೇ ಆ ಕ್ಷಣಕ್ಕೆ ಕಟ್ಟಿ ನುಡಿಸಿದ್ದು ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಿರಿ. ಇದು ಗೊತ್ತಿಲ್ಲದವರಿಗೆ ಬಾಯಿಪಾಠದಂತೆ ಕೇಳಿಸುತ್ತದೆ.

ಹೊಸದಾಗಿ ರೆಕಾರ್ಡ್ ಮಾಡಿ. ಸಭಾಂಗಣದ ರೆಕಾರ್ಡಿಂಗ್‌ನಲ್ಲಿ ಸಾಮಾನ್ಯವಾಗಿ ಮೃದಂಗ ಮುಂದೆ ಬಂದು ವೀಣೆ ಮುಳುಗಿರುತ್ತದೆ. ಫ್ಯಾನ್ ಆರಿಸಿ, ಫೋನನ್ನು ವೀಣೆಯ ಕೊಡದ ಎದುರು ಮೂರು ಅಡಿ ದೂರದಲ್ಲಿ ಸ್ಟ್ಯಾಂಡಿಗೆ ಹಾಕಿ, ಶ್ರುತಿಪೆಟ್ಟಿಗೆಯನ್ನು ಅವಳ ಹಿಂದಿಡಿ. ಎಡಗೈ ಬೆರಳು ಮೆಟ್ಟಿಲ ಮೇಲೆ ತಂತಿ ಎಳೆಯುವುದು ಸ್ಪಷ್ಟವಾಗಿ ಕಾಣಬೇಕು. ಗಮಕದ, ಅಂದರೆ ಸ್ವರವನ್ನು ತೂಗಿಸಿ ನುಡಿಸುವುದರ, ಕಷ್ಟ ಅರ್ಥವಾಗುವುದು ಅಲ್ಲೇ.

ಎಲ್ಲ ಕಾಲೇಜೂ ಇಂಥ ರೆಕಾರ್ಡಿಂಗ್ ತೆಗೆದುಕೊಳ್ಳುವುದಿಲ್ಲ, ಒಂದೊಂದರ ಪ್ರವೇಶ ಪುಟವನ್ನೂ ನೋಡಿ. ತೆಗೆದುಕೊಳ್ಳುವ ಅನೇಕರು ಸ್ಲೈಡ್‌ರೂಮ್ ಎಂಬ, ಕಲಾಕೃತಿಗಳನ್ನು ಸಲ್ಲಿಸುವ ಜಾಲತಾಣ ಬಳಸುತ್ತಾರೆ. ನಿಮಿಷದ ಮಿತಿ, ಶುಲ್ಕ, ಕೊನೆಯ ದಿನಾಂಕ ಎಲ್ಲ ಬೇರೆಬೇರೆ. ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣ) ಕೊಟ್ಟ ಹೆಸರು, ಇಮೇಲನ್ನೇ ಇಲ್ಲೂ ಕೊಡಿ, ಇಲ್ಲದಿದ್ದರೆ ಅರ್ಜಿಗೆ ಜೋಡಣೆಯಾಗದೆ ಉಳಿಯಬಹುದು. ಫೈಲ್ ಏರಿಸಿದ ಮಾತ್ರಕ್ಕೆ ಸಲ್ಲಿಕೆಯಾಗುವುದಿಲ್ಲ, ಕೊನೆಯ ಸಬ್ಮಿಟ್ ಒತ್ತಿ, ದೃಢೀಕರಣದ ಇಮೇಲ್ ಬಂತಾ ನೋಡಿ.