ಸೀಟ್ ಲೆಕ್ಕ ಆಮೇಲೆ, ಮೊದ್ಲು ತೂಕ ನೋಡಿ ಸರ್

ಸರ್ ನಿಮ್ಮ ಪೋಸ್ಟ್ ಓದ್ದೆ. ನೀವಿಬ್ರು, ಇಬ್ರು ಮಕ್ಳು, ಒಂದು ದೊಡ್ಡ ನಾಯಿ, ಮೂರು ಸೈಕಲ್ಲು, ಟೆಂಟು, ಆಗಾಗ ಅಜ್ಜ ಅಜ್ಜಿನೂ ಬರ್ತಾರೆ, ಆದ್ರೆ ದೊಡ್ಡ ವ್ಯಾನ್ ನಿಲ್ಸೋಕೆ ಜಾಗ ಇಲ್ಲ, ಚಿಕ್ಕ ಮಿನಿವ್ಯಾನ್ ತಗೊಳ್ಳೋದಾ ಎಸ್‌ಯುವಿನಾ ಅಂತ. ಇಲ್ಲಿ ಎಲ್ರೂ ಎಸ್‌ಯುವಿ ಎಸ್‌ಯುವಿ ಅಂತಿದಾರೆ, ನಾನೊಬ್ಬ ಉಲ್ಟಾ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಎಂಟು ವರ್ಷದಿಂದ ಚಿಕ್ಕ ಮಿನಿವ್ಯಾನಲ್ಲೇ ಕ್ಯಾಂಪಿಂಗ್ ಹೋಗ್ತಿದೀವಿ, ಮಾಡಬಾರದ್ದೆಲ್ಲ ಮಾಡಿ ಕಲ್ತಿದೀನಿ.

ಎಲ್ರೂ ಮಾಡೋ ತಪ್ಪು ಏನಪ್ಪಾ ಅಂದ್ರೆ ಏಳು ಸೀಟ್ ಇದೆ ಅಂದ್ರೆ ಏಳು ಜನ ಪ್ಲಸ್ ಲಗೇಜ್ ಅಂದ್ಕೊಳ್ಳೋದು. ಡ್ರೈವರ್ ಬಾಗಿಲು ತೆಗೆದ್ರೆ ಪಕ್ಕದ ಕಂಬದ ಮೇಲೋ, ಇಲ್ಲಾಂದ್ರೆ ಬಾನೆಟ್ ಒಳಗೋ ಒಂದು ಸ್ಟಿಕ್ಕರ್ರೋ ಪ್ಲೇಟೋ ಇರುತ್ತೆ, ಗಾಡಿ ಲೋಡ್ ಸಮೇತ ಗರಿಷ್ಠ ಎಷ್ಟು ತೂಗಬಹುದು ಅಂತ. ಅದ್ರಲ್ಲಿ ಖಾಲಿ ಗಾಡಿ ತೂಕ ಕಳೀರಿ, ಉಳಿಯೋದೇ ನಿಮ್ಮ ಬಂಡವಾಳ. ಈ ಸೈಜಿನ ಗಾಡೀಲಿ ಅದು ಸುಮಾರಾಗಿ 500ರಿಂದ 600 ಕೆಜಿ ಇರುತ್ತೆ ಅಷ್ಟೇ. 70 ಕೆಜಿಯ ಏಳು ಜನ ಕೂತ್ರೆ 490 ಆಯ್ತು, ಟೆಂಟ್ ಎಲ್ಲಿಡ್ತೀರಾ? ಇನ್ನೊಂದು ಮಜಾ, ಯುರೋಪಿನ ಲೆಕ್ಕದಲ್ಲಿ ಖಾಲಿ ಗಾಡಿ ತೂಕಕ್ಕೆ 75 ಕೆಜಿ ಡ್ರೈವರನ್ನೂ ಸೇರಿಸಿರ್ತಾರೆ, ಬೇರೆ ಕಡೆ ಸೇರಿಸಿರಲ್ಲ, ಎರಡು ಬ್ರೋಷರ್ ಪಕ್ಕಪಕ್ಕ ಇಟ್ಟು ಹೋಲ್ಸೋವಾಗ ಇದನ್ನ ನೋಡ್ಕೊಳ್ಳಿ.

ನಿಮ್ಮ ಮನೆ ಲೆಕ್ಕಾನೇ ಹಾಕಣ. ನೀವು ನಾಲ್ಕು ಜನ ಒಂದು 200, ನಾಯಿ 30, ಸೈಕಲ್ 15ರಂತೆ 45, ಸೈಕಲ್ ಸ್ಟ್ಯಾಂಡ್ ತೂಕ 18 ಅಂತಿಟ್ಕೊಳ್ಳಿ, ಟೆಂಟು ಹಾಸಿಗೆ ಒಲೆ 20 ಲೀಟರ್ ನೀರು ಎಲ್ಲ ಸೇರಿ 70. 363 ಆಯ್ತು, ಆರಾಮ. ಅಜ್ಜ ಅಜ್ಜಿ ಹತ್ತಿದ್ರೋ, 490 ದಾಟ್ತು, 500ರ ಹತ್ರ ಬಂತು. ಅಂದ್ರೆ ಆರು ಜನ ಊಟಕ್ಕೋ ಮದ್ವೆಗೋ ಹೋಗ್ಬಹುದು, ಆರು ಜನ ಕ್ಯಾಂಪಿಂಗ್ ಹೋಗೋದು ಬಾರ್ಡರಲ್ಲಿ ಬರುತ್ತೆ. ಇದು ಎಸ್‌ಯುವಿಗೂ ಅಷ್ಟೇ ಸರ್, ನೋಡೋಕೆ ಗೂಳಿ ಥರ ಇರ್ತಾವೆ, ಸ್ಟಿಕ್ಕರ್ ನೋಡಿದ್ರೆ ಕೆಲವು ನಮ್ಮ ವ್ಯಾನಿಗಿಂತ ಕಮ್ಮಿ ಹೊರ್ತಾವೆ.

ಎರಡನೇದು, ಮೂರನೇ ಸಾಲಿನ ಸೀಟು ಬೇಡವಾದಾಗ ಎಲ್ಲಿಗೆ ಹೋಗುತ್ತೆ ಅನ್ನೋದು. ಇದನ್ನ ಯಾರೂ ಕೇಳಲ್ಲ, ಆದ್ರೆ ವರ್ಷದಲ್ಲಿ ಮುಕ್ಕಾಲು ಪಾಲು ದಿನ ಆ ಸೀಟ್ ಮಡಚೇ ಇರುತ್ತೆ. 1999ರಲ್ಲಿ ಬಂದ ಓಪೆಲ್ ಜಫೀರಾದಲ್ಲಿ ಅದು ಡಿಕ್ಕಿ ನೆಲದೊಳಗೇ ಮುಳುಗಿಬಿಡೋದು, ಮೇಲೆ ಸಮತಟ್ಟು, ನನ್ನ ಪ್ರಕಾರ ಅದೇ ಸರಿಯಾದ ಐಡಿಯಾ. ಟೊಯೊಟಾ ಸಿಯೆಂಟಾದಲ್ಲಿ ಎರಡನೇ ಸಾಲಿನ ಕೆಳಗೆ ಹೋಗಿ ಸೇರ್ಕೊಳ್ಳುತ್ತೆ. ಹೋಂಡಾ ಫ್ರೀಡಲ್ಲಿ ಎರಡೂ ಪಕ್ಕಕ್ಕೆ ಎತ್ತಿ ಕಟ್ಟೋದು, ನೆಲ ತಗ್ಗಿಗೆ ಸಿಗುತ್ತೆ ಆದ್ರೆ ಅಗಲ ತಿನ್ನುತ್ತೆ. ರೆನೋ ಟ್ರೈಬರಲ್ಲಿ ಸೀಟನ್ನೇ ಬಿಚ್ಚಿ ಮನೇಲಿಡಬಹುದು, ಜಾಗ ಭರ್ಜರಿ, ಆದ್ರೆ ದಾರೀಲಿ ಇಬ್ರು ಹೆಚ್ಚಾಗಿ ಹತ್ತಿದ್ರೆ ಸೀಟು ಮನೇಲಿರುತ್ತೆ! ಹೈಬ್ರಿಡ್ (ಇಂಜಿನ್ ಜೊತೆ ಬ್ಯಾಟರಿ ಮೋಟ್ರೂ ಇರೋದು) ತಗೊಳ್ಳೋದಾದ್ರೆ ಬ್ಯಾಟರಿ ಎಲ್ಲಿ ಕೂರ್ಸಿದಾರೆ ಕೇಳಿ, ಡಿಕ್ಕಿ ನೆಲದಲ್ಲಿರೋ ಗುಂಡಿಯ ಜಾಗಾನ ಅದು ತಿಂದಿಲ್ಲ ತಾನೇ ನೋಡಿ.

ಸ್ಲೈಡಿಂಗ್ ಡೋರ್ ಇರೋದು ಸಿಕ್ಕಿದ್ರೆ ಬೇರೆ ಯೋಚ್ನೆ ಮಾಡ್ಬೇಡಿ. ಮಜ್ದಾ 5, ಫ್ರೀಡ್, ಸಿಯೆಂಟಾ ಇವಕ್ಕೆಲ್ಲ ಇದೆ, ಟೂರಾನ್, ಎರ್ಟಿಗಾ ಇವಕ್ಕೆ ಮಾಮೂಲಿ ಬಾಗಿಲು. ನಮ್ಮದು ಸ್ಲೈಡಿಂಗ್. ಮಳೇಲಿ ಟ್ರೆಕ್ ಮುಗಿಸ್ಕೊಂಡು ಬಂದ್ರೆ ಚಿಕ್ಕೋನು ಬಾಗಿಲ ಹೊಸ್ತಿಲ ಮೇಲೆ ಕೂತು ಕಾಲು ಹೊರಗೆ ಬಿಟ್ಕೊಂಡು ಶೂ ಬಿಚ್ತಾನೆ, ಕೆಸರೆಲ್ಲ ಹೊರಗೇ ಬೀಳುತ್ತೆ, ಹಿಂದೆ ಡಿಕ್ಕಿ ಬಾಗಿಲು ಮೇಲಕ್ಕೆತ್ತಿದ್ರೆ ಅದೇ ಚಾವಣಿ, ಅದ್ರ ಕೆಳಗೆ ಒಲೆ ಹಚ್ಚಿ ಟೀ. ವಯಸ್ಸಾದ ನಾಯಿಗೂ ಇದೇ ಸಲೀಸು, ನೆಲ ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲಿದೆ ಅಷ್ಟೇ, ಭಾವನ ಎಸ್‌ಯುವಿಗೆ ಅದೇ ನಾಯೀನ ಇಬ್ರು ಎತ್ತಿ ಹಾಕ್ಬೇಕು.

ಈಗ ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲಕ್ಕೂ ಗಾಡಿ ತಳಕ್ಕೂ ಇರೋ ಅಂತರದ ವಿಷ್ಯ, ಎಸ್‌ಯುವಿ ಪಾರ್ಟಿಯವ್ರು ಇಲ್ಲೇ ಹಿಡ್ಕೊಳ್ತಾರೆ. ನಿಜ, ಇವು ತಗ್ಗು, ಅದೂ ಲೋಡ್ ಹಾಕಿದ್ಮೇಲೆ ಹಿಂದೆ ಇನ್ನೂ ಕೂತ್ಕೊಳ್ಳುತ್ತೆ, ಬ್ರೋಷರಲ್ಲಿ ಬರೆದಿರೋದು ಸಾಮಾನ್ಯವಾಗಿ ಖಾಲಿ ಗಾಡೀದು. ಕಲ್ಲು ಹಾರೋ ಕಾಡುದಾರಿಗೆ ಪ್ರತಿವಾರ ಹೋಗೋರಾದ್ರೆ ನನ್ನ ಮಾತು ಕೇಳ್ಬೇಡಿ, ಬೇರೆ ಗಾಡಿ ತಗೊಳ್ಳಿ. ಮಣ್ಣುರಸ್ತೆ, ಕ್ಯಾಂಪಿನ ಹುಲ್ಲು, ಇಷ್ಟೇ ಆದ್ರೆ ಒಳ್ಳೆ ಟೈರು ಸಾಕು. ಮುಂದಿನ ಚಕ್ರ ಎಳೆಯೋ ಗಾಡಿಗೆ ಹಿಂದೆ ಭಾರ ಹಾಕಿ ಏರು ಹತ್ತಿಸಿದ್ರೆ ಮುಂದಿನ ಚಕ್ರ ಹಗುರಾಗಿ ಸುಮ್ನೆ ತಿರುಗುತ್ತೆ. ಒಂದ್ಸಲ ಒದ್ದೆ ಹುಲ್ಲಿನ ಏರಲ್ಲಿ ಅರ್ಧ ಗಂಟೆ ಒದ್ದಾಡಿದೀನಿ, ಹೆಂಡ್ತಿ ಮಕ್ಳು ತಳ್ಳಿ ತಳ್ಳಿ ಮೈಯೆಲ್ಲ ಕೆಸರು, ಕೊನೆಗೆ ಯಾರೋ ಬಂದು ರಿವರ್ಸಲ್ಲಿ ಹತ್ತಿಸ್ರಿ ಅಂದ್ರು. ಗಾಡಿ ತಿರುಗಿಸಿ ಹಿಮ್ಮುಖ ಹತ್ತಿಸ್ದೆ, ಭಾರ ಎಲ್ಲ ಇಂಜಿನ್ ಕಡೆ ಇಳೀತು, ಬೆಣ್ಣೆ ಥರ ಹತ್ತಿಬಿಡ್ತು.

ಮೇಲಿನ ಕ್ಯಾರಿಯರ್ ನಂಬ್ಕೋಬೇಡಿ. ಈ ಸೈಜಿನ ಗಾಡಿಗಳಿಗೆ 75 ಕೆಜಿ ಆಸುಪಾಸು ಬಿಟ್ಟಿರ್ತಾರೆ, ಅದ್ರಲ್ಲಿ ಕ್ಯಾರಿಯರ್ದೂ ಪೆಟ್ಟಿಗೇದೂ ತೂಕ ಸೇರಿ, ಅದೂ ಒಟ್ಟು ಲೆಕ್ಕದ ಒಳಗೇ ಬರುತ್ತೆ. ನಾನು ಪೆಟ್ಟಿಗೆ ಹಾಕ್ಸಿ ಮೊದಲ್ನೇ ದಿನಾನೇ ಡಿಕ್ಕಿ ಬಾಗಿಲು ಎತ್ತಿ ಟಕ್ ಅಂತ ಹೊಡೆಸ್ದೆ, ಬಣ್ಣ ಕಿತ್ತಿರೋದು ಇವತ್ತಿಗೂ ಹಾಗೇ ಇದೆ. ಸೈಕಲಿಗೆ ಗಾಡಿ ಹಿಂದಿನ ಟ್ರೇಲರ್ ಎಳೆಯೋ ಕೊಂಡಿಗೆ ಹಾಕೋ ಸ್ಟ್ಯಾಂಡೇ ಚೆಂದ, ಆದ್ರೆ ಸೈಕಲ್ ಸಮೇತ ಹಿಂದಕ್ಕೆ ಬಾಗೋದು ತಗೊಳ್ಳಿ, ಇಲ್ಲಾಂದ್ರೆ ಒಂದು ನೀರಿನ ಬಾಟ್ಲಿ ತೆಗಿಯೋಕೂ ಮೂರೂ ಸೈಕಲ್ ಇಳಿಸ್ಬೇಕು. ಕೊಂಡಿ ಎಷ್ಟು ಭಾರ ತಡೆಯುತ್ತೆ ಅಂತಾನೂ ಮಾನ್ಯುಯಲಲ್ಲಿ ಇರುತ್ತೆ, ಬ್ಯಾಟರಿ ಸೈಕಲ್ ಒಂದೊಂದೇ 25 ಕೆಜಿ ಬರ್ತಾವೆ ನೆನಪಿರ್ಲಿ.

ಒಳಗೇ ಮಲಗೋ ಆಸೆ ಇದ್ರೆ ಟೇಪ್ ಹಿಡ್ಕೊಂಡು ಹೋಗಿ. ಮುಂದಿನ ಸೀಟು ನೀವು ಓಡ್ಸೋ ಜಾಗದಲ್ಲೇ ಇಟ್ಟು ಅದ್ರ ಬೆನ್ನಿಂದ ಡಿಕ್ಕಿ ಬಾಗಿಲವರೆಗೆ ಅಳೀರಿ, 180 ಸೆಂಮೀ ಬಂದ್ರೆ ಪುಣ್ಯ. ನಾನು ಶೋರೂಮಿಗೆ ಹಾಸಿಗೆ ಸುರುಳಿ ತಗೊಂಡೋಗಿ ಹಾಸಿ ಮಲಗಿದ್ದೆ, ಸೇಲ್ಸ್ ಹುಡ್ಗ ನಗ್ತಾ ನಿಂತಿದ್ದ, ಮಡಚಿದ ಸೀಟಿನ ಉಬ್ಬು ಸೊಂಟಕ್ಕೆ ಚುಚ್ಚಿದ್ದು ನಂಗೆ ತಾನೇ ಗೊತ್ತು, ಆ ಗಾಡಿ ಬಿಟ್ಟೆ. ಮಲಗೋವಾಗ ಕಿಟಕಿ ಒಂದು ಬೆರಳಷ್ಟು ಇಳ್ಸಿ, ಒಳಗೆ ಒಲೆ ಗಿಲೆ ಹಚ್ಚಬೇಡಿ, ಒಲೆಯಿಂದ ಬರೋ ವಿಷಗಾಳಿಗೆ (ಕಾರ್ಬನ್ ಮೊನಾಕ್ಸೈಡ್) ವಾಸನೆ ಇರಲ್ಲ.

ಸ್ಟೆಪ್ನಿ ಇದೆಯಾ ಕೇಳಿ, ಎಷ್ಟೋ ಗಾಡೀಲಿ ಈಗ ಬರೀ ಪಂಕ್ಚರ್ ದ್ರವದ ಡಬ್ಬಿ ಕೊಡ್ತಾರೆ, ಟೈರ್ ಪಕ್ಕ ಹರಿದ್ರೆ ಅದು ಯಾವ ಕೆಲ್ಸಕ್ಕೂ ಬರಲ್ಲ. ಲೋಡ್ ಇದ್ದಾಗ ಗಾಳಿ ಜಾಸ್ತಿ ಹೊಡೀಬೇಕು, ಎಷ್ಟು ಅಂತ ಸಾಮಾನ್ಯವಾಗಿ ಬಾಗಿಲ ಹತ್ರಾನೇ ಬರೆದಿರುತ್ತೆ. ಮಕ್ಳ ಸೀಟು ಸಿಕ್ಕಿಸೋ ಐಸೋಫಿಕ್ಸ್ ಕೊಕ್ಕೆ ಹೆಚ್ಚಿನ ಗಾಡೀಲಿ ಎರಡನೇ ಸಾಲಲ್ಲಿ ಮಾತ್ರ, ಹಾಗಾಗಿ ಅಜ್ಜ ಅಜ್ಜಿ ಬಂದಾಗ ಹಿಂದಕ್ಕೆ ನುಸುಳೋರು ಯಾರು ಅಂತ ಮೊದ್ಲೇ ಯೋಚ್ನೆ ಮಾಡಿ, ಚೈಲ್ಡ್ ಸೀಟ್ ಬಿಚ್ಚದೇ ಹಿಂದೆ ಹೋಗೋಕಾಗುತ್ತಾ ಅಂತ ಅಲ್ಲೇ ಹತ್ತಿ ಇಳಿದು ನೋಡಿ.

ಸೆಕೆಂಡ್ ಹ್ಯಾಂಡ್ ನೋಡ್ತಿದ್ರೆ ಸ್ಲೈಡಿಂಗ್ ಬಾಗಿಲ ಕೆಳಗಿನ ಹಳಿಯಲ್ಲಿ ಬೆರಳಾಡ್ಸಿ, ಮರಳು ತುಂಬಿ ತುಕ್ಕು ಹಿಡಿದಿದ್ರೆ ಗೊತ್ತಾಗುತ್ತೆ. ನೋಡಿ ಬಂದ ಗಾಡಿಗಳ ಆ ಬಾಗಿಲ ಸ್ಟಿಕ್ಕರ್ ಫೋಟೋ ಇಲ್ಲೇ ಹಾಕಿ, ಖಾಲಿ ತೂಕಾನೂ ಬರೀರಿ, ಕೂತು ಲೆಕ್ಕ ಹಾಕಣ.