ಮದುವೆ ಅವರದು, ಮಾತು ನಮ್ಮದು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಆಸ್ಟ್ರೇಲಿಯಾದ ಪ್ರಧಾನಿ ಆಂಟನಿ ಆಲ್ಬನೀಸ್ ಐದು ವರ್ಷದಿಂದ ಜೊತೆಗಿದ್ದ ಸಂಗಾತಿ ಜೋಡಿ ಹೇಡನ್ ಅವರನ್ನು 2025ರ ನವೆಂಬರ್ 29ರಂದು ಮದುವೆಯಾದರಲ್ಲ, ಅದು. ಹೋದ ತಿಂಗಳು ತೆರಿಗೆ ಬಗ್ಗೆ ಕೇಳಿ ಅಂತ ನಾನೇ ಬರೆದಿದ್ದೆ. ಎರಡೇ ಎರಡು ಪತ್ರ ಬಂದವು. ಮದುವೆ ಅಂದರೆ ಚೀಲ ತುಂಬ. ಇರಲಿ, ನನಗೇನೂ ಬೇಜಾರಿಲ್ಲ. ನಾನೂ ಆ ಸುದ್ದಿಯನ್ನು ತೆರಿಗೆ ಸುದ್ದಿಗಿಂತ ಮೊದಲೇ ಓದಿದವಳು.

ಪ್ರಶ್ನೆ: ಮೇಡಂ, ಅರವತ್ತೆರಡನೇ ವಯಸ್ಸಿನಲ್ಲಿ ಮದುವೆ ಬೇಕಿತ್ತಾ? ಹೇಗೂ ಜೊತೆಗೇ ಇದ್ದರು. ಹಾಗೇ ಇದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇದೆಲ್ಲ ಪ್ರಚಾರಕ್ಕೆ ಅಂತ ನನ್ನ ಅನಿಸಿಕೆ. (ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: 'ಯಾರೂ ಏನೂ ಅನ್ನುತ್ತಿರಲಿಲ್ಲ' ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ ಸರ್. ಅದೇ ಪ್ರಧಾನಿ ನಿವಾಸದಲ್ಲಿ ಮದುವೆಯಾಗದೆ ಇದ್ದವರಿಗೆ ಜನ ಏನೇನು ಅಂದರು ಅನ್ನುವುದು ಮುಂದೆ ಬರುತ್ತದೆ, ಸ್ವಲ್ಪ ತಾಳಿ.

ಪ್ರಚಾರದ ಮಾತು ತೆಗೆದುಕೊಳ್ಳೋಣ. ಆಲ್ಬನೀಸ್ ಮದುವೆಯ ಮಾತೆತ್ತಿದ್ದು 2024ರ ಫೆಬ್ರವರಿ 14ರಂದು, ಪ್ರೇಮಿಗಳ ದಿನ. ಮಾರನೇ ದಿನ ಊರಿಗೆಲ್ಲ ಹೇಳಿದರು. ಆ ತಾರೀಖು ನೋಡಿದರೆ ನಿಮ್ಮ ಅನುಮಾನಕ್ಕೆ ಸ್ವಲ್ಪ ಜಾಗ ಇದೆ, ಅಲ್ವಾ? ಆದರೆ ಆಮೇಲಿನದು ನೋಡಿ. 2025ರ ಮೇ 3ಕ್ಕೆ ಅವರಿಗೆ ಚುನಾವಣೆ ಇತ್ತು. ಪ್ರಚಾರವೇ ಬೇಕಿದ್ದರೆ ಮಾರ್ಚ್‌ನಲ್ಲಿ ಮದುವೆ ಮುಗಿಸಿ, ಏಪ್ರಿಲ್ ಪೂರ್ತಿ ಜೋಡಿಯಾಗಿ ಕೈಬೀಸಬಹುದಿತ್ತು. ಗೆದ್ದು ಆರು ತಿಂಗಳು ಕಳೆದ ಮೇಲೆ ಮದುವೆಯಾದರು. ಕ್ಯಾನ್‌ಬೆರಾದ ಪ್ರಧಾನಿ ನಿವಾಸ 'ದಿ ಲಾಡ್ಜ್'ನ ತೋಟದಲ್ಲಿ, ಸುಮಾರು ಅರವತ್ತು ಜನರ ಮುಂದೆ. ಉಂಗುರದ ಹೊಣೆ ಅವರ ನಾಯಿ ಟೋಟೊದ್ದು. ಆಮೇಲೆ ಪ್ರಧಾನಿಯವರು ಹಾಕಿದ ಪೋಸ್ಟ್‌ನಲ್ಲಿ ಇದ್ದದ್ದು ಒಂದೇ ಪದ, 'ಮ್ಯಾರೀಡ್'. ಮಧುಚಂದ್ರಕ್ಕೆ ಸೋಮವಾರದಿಂದ ಶುಕ್ರವಾರದವರೆಗೆ ರಜೆ, ಅದೂ ದೇಶದೊಳಗೆ, ಸ್ವಂತ ಖರ್ಚಿನಲ್ಲಿ. ಇದು ಪ್ರಚಾರವಾದರೆ ಬಹಳ ಜಿಪುಣ ಪ್ರಚಾರ.

1901ರಲ್ಲಿ ಆ ದೇಶ ಒಕ್ಕೂಟವಾದಾಗಿನಿಂದ ಅಧಿಕಾರದಲ್ಲಿದ್ದಾಗ ಮದುವೆಯಾದ ಮೊದಲ ಪ್ರಧಾನಿ ಇವರು. ಹಾಗಾಗಿ ಜನ ಮಾತಾಡಿದರು. ಹೊಸದು ಕಂಡರೆ ಮಾತಾಡುವುದು ಸಹಜ.

ಇನ್ನು 'ಬೇಕಿತ್ತಾ' ಅನ್ನುವುದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತ ಗಾದೆ ಇದೆ. ಇವರಿಗೆ ಅದು ಹೊಂದುವುದಿಲ್ಲ. ಮೊದಲ ಮದುವೆ ಮುರಿದು, ಮಗ ಬೆಳೆದು ದೊಡ್ಡವನಾದ ಮೇಲೆ ಒಬ್ಬ ಮನುಷ್ಯ ಮತ್ತೆ ಅದೇ ಕಾಗದಕ್ಕೆ ಸಹಿ ಹಾಕುತ್ತಾನೆ ಅಂದರೆ ಎಲ್ಲ ಗೊತ್ತಿದ್ದೇ ಹಾಕುತ್ತಾನೆ. ಬೇಕಿತ್ತೋ ಬೇಡವಾಗಿತ್ತೋ ಅಂತ ಹೇಳಬೇಕಾದವರು ಇಬ್ಬರೇ. ಆ ಇಬ್ಬರಲ್ಲಿ ನೀವೂ ಇಲ್ಲ, ನಾನೂ ಇಲ್ಲ.

ಪ್ರಶ್ನೆ: ಮದುವೆ ಖಾಸಗಿ ವಿಷಯ. ಅದರಲ್ಲಿ ಜನ ಮೂಗು ತೂರಿಸುವುದೇ ತಪ್ಪು ಅಲ್ಲವೇ? (ಕಾಲೇಜು ವಿದ್ಯಾರ್ಥಿ)

ಉತ್ತರ: ಅರ್ಧ ತಪ್ಪು. ಬಿಲ್ ಯಾರು ಕಟ್ಟಿದರು ಅಂತ ಕೇಳುವುದಕ್ಕೆ ಜನರಿಗೆ ಹಕ್ಕಿದೆ.

ಬ್ರಿಟನ್ನಿನ ಬೋರಿಸ್ ಜಾನ್ಸನ್ ಅವರದ್ದೇ ನೋಡಿ. 2021ರ ಮೇ 29ರಂದು ಅವರು ಕ್ಯಾರಿ ಸೈಮಂಡ್ಸ್ ಅವರನ್ನು ಸದ್ದಿಲ್ಲದೆ ಮದುವೆಯಾದರು. ಕೋವಿಡ್ ನಿಯಮದಂತೆ ಮೂವತ್ತು ಜನರೊಳಗೆ. ಮದುಮಗಳ ಉಡುಪು ಬಾಡಿಗೆಯದ್ದು, 45 ಪೌಂಡ್! ಜನ ಖುಷಿಯಾದರು. 1822ರಲ್ಲಿ ಲಾರ್ಡ್ ಲಿವರ್‌ಪೂಲ್ ಮದುವೆಯಾದ ಮೇಲೆ ಅಧಿಕಾರದಲ್ಲಿದ್ದಾಗ ಮದುವೆಯಾದ ಮೊದಲ ಬ್ರಿಟಿಷ್ ಪ್ರಧಾನಿ ಅಂತ ಪತ್ರಿಕೆಗಳು ಬರೆದವು.

ಮರುವರ್ಷ ಜುಲೈನಲ್ಲಿ ದೊಡ್ಡ ಔತಣಕೂಟ ಇಟ್ಟರು ನೋಡಿ, ಆಗ ರಾಗ ಬದಲಾಯಿತು. ಅಷ್ಟೊತ್ತಿಗೆ ಅವರು ರಾಜೀನಾಮೆ ಘೋಷಿಸಿ, ಮುಂದಿನವರು ಬರುವ ತನಕ ಕುರ್ಚಿಯಲ್ಲಿದ್ದರು. ಸರ್ಕಾರಿ ಬಂಗಲೆ ಚೆಕರ್ಸ್‌ನಲ್ಲಿ ಕೂಟ ಮಾಡುತ್ತಾರಂತೆ, ಅದಕ್ಕೇ ಕುರ್ಚಿ ಬಿಡುತ್ತಿಲ್ಲವಂತೆ ಅಂತ ಗುಲ್ಲಾಯಿತು. ಕೊನೆಗೆ ಕೂಟ ನಡೆದದ್ದು ಅವರ ಪಕ್ಷಕ್ಕೆ ದೇಣಿಗೆ ಕೊಡುವ ಉದ್ಯಮಿ ಮನೆತನದ ಎಸ್ಟೇಟಿನಲ್ಲಿ. ಆ ಖರ್ಚು ಇಪ್ಪತ್ತು ಸಾವಿರ ಪೌಂಡಿಗಿಂತ ಜಾಸ್ತಿ ಅಂತ ಸಂಸತ್ತಿನ ಹಿತಾಸಕ್ತಿ ದಾಖಲೆಯಲ್ಲಿ ಬಂತು. ಅದನ್ನು ಬರೆಸಬೇಕು ಅನ್ನುವ ನಿಯಮ ಇದ್ದದ್ದರಿಂದ ತಾನೇ ಊರಿಗೆ ಗೊತ್ತಾಗಿದ್ದು? 45 ಪೌಂಡಿನ ಉಡುಪು ಯಾರ ವಿಷಯವೂ ಅಲ್ಲ. ದೇಣಿಗೆದಾರರ ಮನೆಯ ಕೂಟ ಎಲ್ಲರ ವಿಷಯ.

ಫಿನ್‌ಲೆಂಡಿನಲ್ಲೂ ಇದೇ ಕಥೆ. ಆಗಿನ ಪ್ರಧಾನಿ ಸನ್ನಾ ಮರಿನ್ ಹದಿನಾರು ವರ್ಷ ಜೊತೆಗಿದ್ದವರನ್ನು 2020ರ ಆಗಸ್ಟ್ 1ರಂದು ಪ್ರಧಾನಿ ನಿವಾಸದಲ್ಲೇ ಮದುವೆಯಾದಾಗ ಜನ ಹರಸಿದರು. ಮರುವರ್ಷ ಅದೇ ಮನೆಯ ಬೆಳಗಿನ ತಿಂಡಿಯ ಖರ್ಚು ಸರ್ಕಾರದ ಲೆಕ್ಕಕ್ಕೆ ಹೋಗಿದೆ ಅಂತ ಗೊತ್ತಾಯಿತು. ಹರಸಿದ ಬಾಯಿಗಳೇ ಲೆಕ್ಕ ಕೇಳಿದವು. ತಮ್ಮ ಜೇಬಿನಿಂದಲೇ ಕಟ್ಟುತ್ತೇನೆ ಅಂದರು ಆಕೆ. ಸರಿಯಾಗೇ ಕೇಳಿದರು, ಸರಿಯಾಗೇ ಉತ್ತರ ಬಂತು.

ಒಂದು ಮಾತು ಮಾತ್ರ. ಹೀಗೆ ಲೆಕ್ಕ ಕೇಳುವುದಕ್ಕೆ ಮದುವೆಯೇ ಆಗಬೇಕಿಲ್ಲ. ಆಲ್ಬನೀಸ್ 2024ರಲ್ಲಿ ಕಡಲ ದಂಡೆಯ ಒಂದು ಮನೆಯನ್ನು 43 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಕೊಂಡಾಗ, ಬಾಡಿಗೆ ಮನೆ ಸಿಗದೆ ಪರದಾಡುತ್ತಿದ್ದ ಜನಕ್ಕೆ ಸಿಟ್ಟು ಬಂದಿತ್ತು. ಮದುವೆಗೆ ಬಂದ ಟೀಕೆಗಿಂತ ಆ ಮನೆಗೆ ಬಂದ ಟೀಕೆಯಲ್ಲಿ ನನಗೆ ಜಾಸ್ತಿ ಅರ್ಥ ಕಾಣುತ್ತದೆ.

ಪ್ರಶ್ನೆ: ಮದುವೆಯಾದರೆ ರಾಜಕಾರಣಿಗೆ ಓಟು ಜಾಸ್ತಿ ಬರುತ್ತಾ?

ಉತ್ತರ: ಮದುವೆಯಾದ ಮರಿನ್ 2023ರಲ್ಲಿ ಅಧಿಕಾರ ಕಳೆದುಕೊಂಡರು. ಜಾನ್ಸನ್ ಅವರನ್ನು ಸ್ವಂತ ಪಕ್ಷದವರೇ ಇಳಿಸಿದರು. ಡೆನ್ಮಾರ್ಕಿನಲ್ಲಿ ಪ್ರಧಾನಿಯಾಗಿದ್ದ ಮೆಟ್ಟೆ ಫ್ರೆಡರಿಕ್ಸನ್ ಮದುವೆಯಾಗಿ ಎರಡು ವರ್ಷಕ್ಕೆ ಗೆದ್ದರು. ಫ್ರಾನ್ಸಿನ ಫ್ರಾನ್ಸ್ವಾ ಒಲಾಂದ್ ಮದುವೆಯಾಗದೆಯೇ ಅಧ್ಯಕ್ಷರಾದರು, ಮಾಜಿಯಾಗಿ ಐದು ವರ್ಷ ಕಳೆದ ಮೇಲೆ, 2022ರಲ್ಲಿ ಮದುವೆಯಾದರು. ಲೆಕ್ಕ ನೀವೇ ಹಾಕಿ.

ಪ್ರಶ್ನೆ: ಮೇಡಂ, ಇದೇ ಕೆಲಸ ಒಬ್ಬ ಹೆಣ್ಣುಮಗಳು ಮಾಡಿದ್ದರೆ ಜನ ಇಷ್ಟೇ ಖುಷಿಯಾಗುತ್ತಿದ್ದರಾ? (ಶಾಲಾ ಶಿಕ್ಷಕಿ)

ಉತ್ತರ: ನಾನು ಕಾಯುತ್ತಿದ್ದ ಪ್ರಶ್ನೆ ಇದು.

'ದಿ ಲಾಡ್ಜ್'ನಲ್ಲಿ ಮದುವೆಯಾಗದೆ ಜೊತೆಗಿದ್ದವರಲ್ಲಿ ಆಲ್ಬನೀಸ್ ಮೊದಲಿಗರಲ್ಲ. 2010ರಲ್ಲಿ ಪ್ರಧಾನಿಯಾದ ಜೂಲಿಯಾ ಗಿಲ್ಲಾರ್ಡ್ ತಮ್ಮ ಸಂಗಾತಿ ಟಿಮ್ ಮ್ಯಾಥಿಸನ್ ಜೊತೆ ಅಲ್ಲಿಗೇ ಹೋದರು. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಪ್ರಧಾನಿಯಾಗುವ ಎಷ್ಟೋ ಮೊದಲೇ ಈ ಕಾಟ ಶುರುವಾಗಿತ್ತು. 2005ರಲ್ಲಿ ಅವರ ಮನೆಯ ಅಡುಗೆಕೋಣೆಯ ಫೋಟೋ ಒಂದು ಪತ್ರಿಕೆಯಲ್ಲಿ ಬಂತು. ಮೇಜಿನ ಮೇಲೆ ಹಣ್ಣಿಡುವ ಬಟ್ಟಲು. ಬಟ್ಟಲಲ್ಲಿ ಹಣ್ಣಿಲ್ಲ. ಅಷ್ಟೇ! ಆ ಖಾಲಿ ಬಟ್ಟಲನ್ನೇ ಹಿಡಿದುಕೊಂಡು ಈಕೆಗೆ ಸಂಸಾರ ಗೊತ್ತಿಲ್ಲ ಅಂತ ಎಷ್ಟು ಜನ ಮಾತಾಡಿದರು ಗೊತ್ತಾ? ಊರಾಚೆ ಓಡಾಡಿಕೊಂಡಿರುವವರ ಮನೆಯಲ್ಲಿ ಹಣ್ಣು ತಂದಿಟ್ಟರೆ ಕೊಳೆಯುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ. 2007ರಲ್ಲಿ ಸೆನೆಟರ್ ಒಬ್ಬರು ಆಕೆ ಬೇಕೆಂದೇ ಬಂಜೆಯಾಗಿ ಉಳಿದವರು, ಇಂಥವರಿಗೆ ದೇಶ ಆಳುವ ಅರ್ಹತೆ ಇಲ್ಲ ಅನ್ನುವ ಅರ್ಥದಲ್ಲಿ ಮಾತಾಡಿ, ಆಮೇಲೆ ಕ್ಷಮೆ ಕೇಳಿದರು.

2013ರ ಜೂನ್‌ನಲ್ಲಿ ಪರ್ತ್‌ನ ಒಬ್ಬ ರೇಡಿಯೊ ನಿರೂಪಕ ಹದ್ದು ಮೀರಿದ. ದೇಶದ ಪ್ರಧಾನಿಯನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮ ಸಂಗಾತಿ ಸಲಿಂಗಿಯಂತೆ ಹೌದಾ ಅಂತ ಕೇಳಿದ. ಆಕೆ ತಾಳ್ಮೆ ಕಳೆದುಕೊಳ್ಳಲಿಲ್ಲ. ಆತ ಬಿಡಲೂ ಇಲ್ಲ, ಸುತ್ತಿ ಬಳಸಿ ಅದನ್ನೇ ಕೇಳಿದ. ಕೆಲಸ ಹೋಯಿತು ಅನ್ನಿ. ಆದರೆ ಗಂಡಸು ಪ್ರಧಾನಿಗೆ ಈ ಪ್ರಶ್ನೆ ಕೇಳುವ ಧೈರ್ಯ ಆತನಿಗೆ ಬರುತ್ತಿತ್ತಾ? ಅದೇ ಮನೆ, ಅದೇ ತೋಟ. ಹನ್ನೆರಡು ವರ್ಷದ ನಂತರ ಅಲ್ಲೇ ಒಬ್ಬರು ಮದುವೆಯಾದಾಗ ನಾಯಿಗೂ ಮುದ್ದು ಸಿಕ್ಕಿತು.

ನಾನೇನೂ ಸಾಚಾ ಅಲ್ಲ. ಆಗ ನಾನೊಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಗಿಲ್ಲಾರ್ಡ್ ಸುದ್ದಿಗೆ 'ಗೆಳೆಯನ ಜೊತೆ ಪ್ರಧಾನಿ ನಿವಾಸಕ್ಕೆ' ಅಂತ ಹೆಡ್ಡಿಂಗ್ ಕೊಟ್ಟವಳು ನಾನೇ. ಸುಮ್ನೆ, ಸ್ವಲ್ಪ ಮಸಾಲೆ ಇರಲಿ ಅಂತ. ವಾರದ ನಂತರ ಓದುಗರೊಬ್ಬರ ಕಾರ್ಡ್ ಬಂತು. 'ಐವತ್ತು ದಾಟಿದ ಗಂಡಸನ್ನು ಗೆಳೆಯ ಅಂತ ಕರೆದಿದ್ದೀರಿ. ಹೋದ ವಾರ ಒಬ್ಬ ಮಂತ್ರಿಯ ಹೆಂಡತಿಯನ್ನು ಗೌರವಾನ್ವಿತ ಶ್ರೀಮತಿ ಅಂದಿದ್ದಿರಿ. ಇಬ್ಬರೂ ಮಾಡುವುದು ಒಂದೇ ಕೆಲಸ, ಪಕ್ಕದಲ್ಲಿ ನಿಲ್ಲುವುದು.' ಆ ಕಾರ್ಡನ್ನು ಬಹಳ ದಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಉತ್ತರ ಬರೆಯಲಿಲ್ಲ. ಬರೆಯಲು ಏನಿತ್ತು?

ಇನ್ನೊಬ್ಬರನ್ನು ನೆನೆಯದೆ ಈ ಉತ್ತರ ಮುಗಿಯುವುದಿಲ್ಲ. ಆಸ್ಟ್ರೇಲಿಯಾದ ವಿದೇಶಾಂಗ ಸಚಿವೆ ಪೆನ್ನಿ ವಾಂಗ್ ಮತ್ತು ಸೋಫಿ ಅಲ್ಲೂಷ್ ಹೆಚ್ಚುಕಡಿಮೆ ಎರಡು ದಶಕ ಜೊತೆಗಿದ್ದವರು. ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಇಷ್ಟು ವರ್ಷ ಯಾಕೆ ಮದುವೆಯಾಗಲಿಲ್ಲ ಅಂದರೆ, 2017ರವರೆಗೆ ಕಾನೂನೇ ಬಿಡುತ್ತಿರಲಿಲ್ಲ. 2010ರಲ್ಲಿ ಆಕೆಯ ಪಕ್ಷವೇ ಸಲಿಂಗ ವಿವಾಹದ ವಿರುದ್ಧ ಇತ್ತು. ಸಚಿವೆಯಾಗಿದ್ದ ಆಕೆ ಟೀವಿ ಮುಂದೆ ಕೂತು ಪಕ್ಷದ ನಿಲುವನ್ನೇ ಸಮರ್ಥಿಸಿಕೊಳ್ಳಬೇಕಾಯಿತು. ಆಗ ಟೀಕೆ ಬಂದದ್ದು ಆಕೆಯ ಪರ ಇರಬೇಕಾದ ಜನರಿಂದಲೇ.

2017ರಲ್ಲಿ ಸರ್ಕಾರ ಮನೆಮನೆಗೆ ಅಂಚೆಯಲ್ಲಿ ಚೀಟಿ ಕಳಿಸಿತು. ಇಂಥವರು ಮದುವೆಯಾಗಬಹುದೇ, ಹೌದು ಅಥವಾ ಇಲ್ಲ ಅಂತ ಗುರುತು ಹಾಕಿ. ಅಂದರೆ ಅಕ್ಷರಶಃ ಜನಾಭಿಪ್ರಾಯ! ಲಕೋಟೆ ಹರಿದು, ಪೆನ್ನು ಹುಡುಕಿ, ಪಕ್ಕದ ಮನೆಯವರ ಮದುವೆಗೆ ನಾವು ಟಿಕ್ ಹಾಕುವುದು. ನವೆಂಬರ್ 15ರಂದು ಫಲಿತಾಂಶ ಬಂತು, ನೂರಕ್ಕೆ 61.6 ಜನ ಹೌದು ಅಂದಿದ್ದರು. ಕಲ್ಲಿನಂತೆ ಕೂತಿರುತ್ತಾರೆ ಅಂತ ಹೆಸರಾದ ಪೆನ್ನಿ ವಾಂಗ್ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಆ ಇಬ್ಬರ ಮದುವೆ ನಡೆದದ್ದು 2024ರ ಮಾರ್ಚ್‌ನಲ್ಲಿ. ಕಾನೂನು ಬಂದು ಆರು ವರ್ಷ ದಾಟಿತ್ತು. ಅವಕಾಶ ಸಿಕ್ಕಿದ ಮಾರನೇ ದಿನವೇ ಓಡಿಹೋಗಿ ಮದುವೆಯಾಗಲಿಲ್ಲ ಅನ್ನುವುದು ನನಗೆ ಬಹಳ ಹಿಡಿಸಿತು.

ಪ್ರಶ್ನೆ: ಎರಡು ಸಲ ವಿಚ್ಛೇದನ ಪಡೆದ ಜಾನ್ಸನ್ ಅವರಿಗೆ ಕ್ಯಾಥೋಲಿಕ್ ಚರ್ಚಿನಲ್ಲಿ ಹೇಗೆ ಮದುವೆ ಮಾಡಿಸಿದರು? ದೊಡ್ಡವರಿಗೊಂದು ನ್ಯಾಯವೇ?

ಉತ್ತರ: ಆಗ ಎಷ್ಟೋ ಕ್ಯಾಥೋಲಿಕರು ಹೊಟ್ಟೆಯುರಿದುಕೊಂಡು ಇದನ್ನೇ ಕೇಳಿದರು. ನಿಯಮ ಏನೆಂದರೆ, ಅವರು ಮಗುವಾಗಿದ್ದಾಗ ಕ್ಯಾಥೋಲಿಕ್ ದೀಕ್ಷಾಸ್ನಾನ ಪಡೆದವರು. ಹಿಂದಿನ ಎರಡೂ ಮದುವೆ ಆ ಚರ್ಚಿನ ವಿಧಿಯಂತೆ ಆಗಿರಲಿಲ್ಲ. ಹಾಗಾಗಿ ಚರ್ಚಿನ ಲೆಕ್ಕದಲ್ಲಿ ಅವು ಮದುವೆಗಳೇ ಅಲ್ಲ. ಕ್ರಮವಾಗಿ ಚರ್ಚಿನಲ್ಲೇ ಮದುವೆಯಾಗಿ ಬೇರೆಯಾದವರಿಗೆ ಸಾಮಾನ್ಯವಾಗಿ ಬಾಗಿಲು ಮುಚ್ಚಿರುತ್ತದೆ, ಹೊರಗೆ ಮದುವೆಯಾಗಿದ್ದವರಿಗೆ ತೆರೆಯುತ್ತದೆ. ನಿಯಮ ಮುರಿದಿಲ್ಲ, ನಿಜ. ಆದರೂ ಕ್ರಮ ತಪ್ಪದೆ ನಡೆದವರ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ.

ಪ್ರಶ್ನೆ: ಅಕ್ಕಾ, ಕೆಲಸದ ನೆಪ ಹೇಳಿ ಸಂಗಾತಿಯನ್ನು ವರ್ಷಗಟ್ಟಲೆ ಕಾಯಿಸುವುದು ಪ್ರೀತಿನಾ? ನನ್ನವನೂ ಹೀಗೇ ಮಾಡುತ್ತಿದ್ದಾನೆ. (ಹೆಸರು ಬೇಡ)

ಉತ್ತರ: ನಿನ್ನವನು ಪ್ರಧಾನಿಯಲ್ಲ ತಾನೇ? ಆದರೂ ಎರಡು ಸಂಗತಿ ಹೇಳುತ್ತೇನೆ.

ಫ್ರೆಡರಿಕ್ಸನ್ ಅವರ ಮದುವೆ ಮತ್ತೆ ಮತ್ತೆ ಮುಂದಕ್ಕೆ ಹೋಗಿತ್ತು. 2020ರ ಜುಲೈನ ಒಂದು ಶನಿವಾರ ಗೊತ್ತಾಯಿತು. ಸರಿಯಾಗಿ ಅದೇ ಹೊತ್ತಿಗೆ, ಶುಕ್ರವಾರ ಮತ್ತು ಶನಿವಾರ, ಬ್ರಸೆಲ್ಸ್‌ನಲ್ಲಿ ಯುರೋಪಿನ ನಾಯಕರ ಸಭೆ ಕರೆದರು. ಆಕೆ ಇಬ್ಬರ ಫೋಟೋ ಹಾಕಿ, ಈ ಮನುಷ್ಯನನ್ನು ಮದುವೆಯಾಗುವುದು ಅಷ್ಟು ಸುಲಭ ಇಲ್ಲ, ಪುಣ್ಯಕ್ಕೆ ಇವರಿಗೆ ತಾಳ್ಮೆ ಇದೆ ಅನ್ನುವ ಅರ್ಥದಲ್ಲಿ ಬರೆದರು. ಕೊನೆಗೆ ಸಭೆಗೆ ಎರಡು ದಿನ ಮೊದಲು, ಬುಧವಾರ, ಒಂದು ದ್ವೀಪದ ಸಣ್ಣ ಚರ್ಚಿನಲ್ಲಿ ಮದುವೆಯಾಗಿ ಬ್ರಸೆಲ್ಸ್‌ಗೆ ಹೊರಟರು. ಎರಡು ದಿನದ ಸಭೆ ಐದನೇ ದಿನದವರೆಗೆ ಎಳೆಯಿತು ಪಾಪ.

ನ್ಯೂಜಿಲೆಂಡಿನ ಜೆಸಿಂಡಾ ಆರ್ಡರ್ನ್ 2022ರ ಜನವರಿಯಲ್ಲಿ ತಮ್ಮದೇ ಸರ್ಕಾರದ ಕೋವಿಡ್ ನಿರ್ಬಂಧಕ್ಕೆ ತಮ್ಮದೇ ಮದುವೆಯನ್ನು ರದ್ದು ಮಾಡಿದರು. ಸಾಯುವ ಸ್ಥಿತಿಯಲ್ಲಿದ್ದ ತಮ್ಮವರ ಪಕ್ಕ ಇರಲಾಗದವರ ದುಃಖದ ಮುಂದೆ ತಮ್ಮದೇನೂ ಅಲ್ಲ ಅಂದರು. ಮದುವೆಯಾದದ್ದು 2024ರ ಜನವರಿ 13ರಂದು, ಅಧಿಕಾರ ಬಿಟ್ಟ ಮೇಲೆ. ಅಷ್ಟೊತ್ತಿಗೆ ಮಗಳಿಗೆ ಐದು ತುಂಬಿತ್ತು.

ಎರಡರಲ್ಲೂ ಗಮನಿಸು. ಯಾಕೆ ಮುಂದಕ್ಕೆ ಹೋಯಿತು ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಮದುವೆ ಆಗುತ್ತದೆ ಅನ್ನುವುದೂ ಗೊತ್ತಿತ್ತು. ನಿನ್ನವನು ಕಾರಣ ಹೇಳುತ್ತಾನಾ, ಇಲ್ಲಾ ಬರೀ 'ನೋಡೋಣ' ಅನ್ನುತ್ತಾನಾ? 'ನೋಡೋಣ' ಅನ್ನುವವನಾದರೆ ಒಂದು ತಾರೀಖು ಕೇಳು. ಕೊಡದಿದ್ದರೆ ಇನ್ನೊಂದು ಪತ್ರ ಬರಿ. ಅದಕ್ಕೆ ಉತ್ತರವನ್ನು ಇಲ್ಲಿ ಹಾಕುವುದಿಲ್ಲ, ನಿನಗೇ ಕಳಿಸುತ್ತೇನೆ.

ಪ್ರಶ್ನೆ: ಮದುವೆಯಾಗದೆ ಜೊತೆಗಿರುವವರಿಗೆ ಕನ್ನಡದಲ್ಲಿ ಸರಿಯಾದ ಪದ ಯಾವುದು? ಗೆಳತಿ ಅಂದರೆ ಹಗುರ, ಪ್ರೇಯಸಿ ಅಂದರೆ ಸಿನಿಮಾ.

ಉತ್ತರ: ಸಂಗಾತಿ. ಗಂಡಿಗೂ ಅದೇ, ಹೆಣ್ಣಿಗೂ ಅದೇ, ಮದುವೆಗೆ ಮೊದಲೂ ಅದೇ, ಆಮೇಲೂ ಅದೇ. ಈ ಸಲ ಆಲ್ಬನೀಸ್ ಸುದ್ದಿ ಬಂದಾಗ ನಮ್ಮ ಹೊಸ ಹುಡುಗ 'ಗೆಳತಿಯನ್ನು ವರಿಸಿದ ಪ್ರಧಾನಿ' ಅಂತ ಟೈಪ್ ಮಾಡಿಟ್ಟಿದ್ದ. ನಾನು 'ಗೆಳತಿ' ಹೊಡೆದು ಹಾಕಿದೆ. ಯಾಕೆ ಮೇಡಂ ಅಂತ ಕೇಳಿದ. ಆ ಹಳೇ ಕಾರ್ಡಿನ ಕಥೆ ಹೇಳಲು ಹೊರಟೆ, ಅಷ್ಟರಲ್ಲಿ ಪುಟ ಕಳಿಸಿ ಅಂತ ಪ್ರೆಸ್‌ನಿಂದ ಫೋನ್ ಬಂತು.